ಕಹಿ ಬೆರಳು

ಸೋಪು ಹಚ್ಚಿ ತೊಳೆದದ್ದಾಯಿತು, ನಿಂಬೆಯ ಸಿಪ್ಪೆಯಿಂದ ಉಜ್ಜಿದ್ದಾಯಿತು, ಕಲ್ಲುಪ್ಪು ಹಾಕಿ ಚರ್ಮ ಕೆಂಪಾಗುವಷ್ಟು ತಿಕ್ಕಿದ್ದೂ ಆಯಿತು. ಆದರೂ ಬಲಗೈಯ ತೋರುಬೆರಳನ್ನು ಮೂಗಿನ ಹತ್ತಿರ ಹಿಡಿದಾಗ, ಇದು ತನ್ನ ಬೆರಳೇ ಅಲ್ಲ, ಯಾವುದೋ ಬೇರಿನ ತುಂಡು ತನ್ನ ಕೈಗೆ ಬಂದು ಅಂಟಿಕೊಂಡಿದೆ ಅಂತ ವೈದ್ಯನಿಗೆ ಅನ್ನಿಸಿತು. ನಾಲಿಗೆಯ ತುದಿಗೆ ಮುಟ್ಟಿಸಿಕೊಂಡ. ಕಹಿ. ಆದರೆ ಆ ಕಹಿ ಬೆರಳಿನಲ್ಲಿದೆಯೋ ತನ್ನ ನಾಲಿಗೆಯಲ್ಲೇ ಮನೆ ಮಾಡಿಕೊಂಡಿದೆಯೋ? ವರ್ಷಾನುಗಟ್ಟಲೆ ಕಷಾಯದ ಹದ ನೋಡಿದ ನಾಲಿಗೆ ಇದು, ಇದರ ಸಾಕ್ಷಿಯನ್ನು ಯಾರು ನಂಬುತ್ತಾರೆ! ಪಕ್ಕದ ಕೋಣೆಯಲ್ಲಿ ಹೆಂಡತಿ ಮಗುವಿಗೆ ಬಟ್ಟೆ ಹಾಕುತ್ತಾ ಅದರ ಜೊತೆ ಏನೇನೋ ಮಾತಾಡುತ್ತಿದ್ದಳು. ಅವಳು ರೈಲು ನಿಲ್ದಾಣದಲ್ಲಿ ಗಾಡಿಗಳ ಬರುಹೋಗು ಹೇಳುವವಳು. ಮನೆಯಲ್ಲಿ ಮಾತಾಡಿದರೂ ಯಾರೋ ದೂರದಲ್ಲಿರುವವರಿಗೆ ಕೇಳಲಿ ಎಂಬಂತೆ ಪ್ರತಿ ಮಾತೂ ಬಿಡಿಬಿಡಿಯಾಗಿ ಬೀಳುತ್ತದೆ. ಒಂಬತ್ತು ತಿಂಗಳಿನ ರಜೆ ಮುಗಿದು ಇವತ್ತು ಅವಳು ಮತ್ತೆ ಕೆಲಸಕ್ಕೆ ಹೊರಟಿದ್ದಳು.

"ದೊರೆಗಳು ಸಿಂಹಾಸನದ ಮೇಲೆ ಕೂತಿದ್ದಾರೆ," ಅಂದಳು, ಮಗುವನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ ಪಟ್ಟಿ ಬಿಗಿಯುತ್ತಾ. ಮಗುವಿಗೆ ಮನೆಯಲ್ಲಿ ದೊರೆ ಅಂತಲೇ ಹೆಸರು. "ಗಂಜಿ ಮಾಡಿಟ್ಟಿದ್ದೀನಿ. ಕುಂಬಳಕಾಯಿ ಬೆಂದಿದೆ. ನೋಡಿ, ನಾನು ಜಗಳ ಆಡ್ತಿಲ್ಲ. ಸಂಜೆ ಅಕ್ಕ ಬರ್ತಾಳೆ. ಅಷ್ಟರಲ್ಲಿ ನಿಮ್ಮ ಕೈಲಿ ಒಂದು ಬಟ್ಟಲು ತಿಂದಿದ್ರೆ ಅಕ್ಕಂಗೆ ಟೀ ಕೊಟ್ಟು ವಾಪಸ್ ಕಳಿಸೋಣ. ಇಲ್ಲಾಂದ್ರೆ ಅವನು ಅವಳ ಜೊತೆ ಹೋಗ್ತಾನೆ. ವರ್ಷ ತುಂಬೋವರೆಗೆ. ನಾವಿಬ್ಬರೂ ಒಪ್ಪಿರೋ ಮಾತು ಇದು."

"ಒಪ್ಪಿದ್ದೀನಿ."

"ಹಾಲು ಬಿಡಿಸಿ ಅವನನ್ನ ಕಳಿಸೋದು ನನಗೇನು ಖುಷಿನಾ? ಆದ್ರೆ ಇಡೀ ದಿನ ಉಪವಾಸ ಇಡಕ್ಕಾಗತ್ತಾ? ಶಿಶುವಿಹಾರದಲ್ಲಿ ಕೇಳಿದ್ದಾಯ್ತು, ವರ್ಷ ತುಂಬದ ಮಗುನ ಸೇರಿಸ್ಕೊಳ್ಳಲ್ಲ ಅಂದ್ರು. ನೋಡ್ಕೊಳ್ಳೋಕೆ ಯಾರೂ ಸಿಗಲಿಲ್ಲ." ಅವಳು ಚಪ್ಪಲಿ ಮೆಟ್ಟಿಕೊಂಡಳು, ಮತ್ತೆ ಬಿಚ್ಚಿ ಒಳಗೆ ಬಂದು ಮಗುವಿನ ನೆತ್ತಿಗೆ ಮುತ್ತಿಟ್ಟಳು. "ಇಡೀ ಊರೇ ನಿಮ್ಮ ಕೈಗುಣ ಅಂತ ಕುಣಿಯತ್ತೆ. ಹಿತ್ತಲ ಗಿಡ ಮದ್ದಲ್ಲ ಅನ್ನೋದು ನಮ್ಮನೆಗೇ ಮಾಡಿದ ಗಾದೆ ನೋಡಿ," ಎಂದು ನಗಲು ಹೋದಳು, ನಗು ಅರ್ಧಕ್ಕೇ ನಿಂತಿತು. ಬಾಗಿಲು ಹಾಕಿಕೊಂಡಿತು. ಮಗು ಬಾಗಿಲನ್ನೇ ಸ್ವಲ್ಪ ಹೊತ್ತು ನೋಡಿ, ಆಮೇಲೆ ನಿಧಾನವಾಗಿ ತಲೆ ತಿರುಗಿಸಿ ಅವನನ್ನು ನೋಡಿತು. ದೂರದ ಪ್ರಯಾಣದಲ್ಲಿ ಪಕ್ಕದ ಸೀಟಿಗೆ ಬಂದು ಕೂತ ಅಪರಿಚಿತನನ್ನು ನೋಡುವ ಹಾಗೆ.

ಅವನು ಗಂಜಿಯನ್ನು ಬೆರಳ ನಡುವೆ ಒತ್ತಿ ನೋಡಿದ. ಗಂಟಿಲ್ಲ. ಉಪ್ಪಿಲ್ಲ, ಸಕ್ಕರೆಯಿಲ್ಲ, ಬಿಸಿ ಮೈಯ ಬಿಸಿಯಷ್ಟೇ. ಎಲ್ಲ ಸರಿ. ಮುಂದಿನ ಕೋಣೆಯ ದವಾಖಾನೆಗೆ ಬರುವ ತಾಯಂದಿರಿಗೆ ಇದನ್ನೆಲ್ಲ ಅವನೇ ಹೇಳಿಕೊಡುತ್ತಾನೆ, ಕಣ್ಣು ಮುಚ್ಚಿಕೊಂಡು ಹೇಳುತ್ತಾನೆ. ಚಮಚ ತುಟಿಯ ಹತ್ತಿರ ಹೋಯಿತು. ಮಗು ಅಳಲಿಲ್ಲ, ಮುಖ ಕಿವುಚಲಿಲ್ಲ, ಸುಮ್ಮನೆ ತುಟಿಗಳನ್ನು ಒಳಕ್ಕೆಳೆದುಕೊಂಡು ಬಾಯಿ ಮುಚ್ಚಿತು. ಅತ್ತಿದ್ದರೆ ಎಷ್ಟೋ ವಾಸಿ. ಅಳುವ ಮಗುವಿಗೆ ಏನಾದರೂ ಹೇಳಬಹುದು. ಇದು ಅಂಗಡಿಯವನು ಗಿರಾಕಿಯ ಮುಖದ ಮೇಲೇ ಬಾಗಿಲೆಳೆದುಕೊಂಡ ಹಾಗೆ, ಒಳಗೆ ದೀಪ ಕಾಣುತ್ತಿದೆ, ಆದರೆ ನಿನಗಲ್ಲ. ಮಗು ನೋಡುತ್ತಿದ್ದದ್ದು ಚಮಚವನ್ನಲ್ಲ, ಅದನ್ನು ಹಿಡಿದ ಕೈಯನ್ನು. ಹೋದ ವಾರ ರಬ್ಬರಿನ ಕೈಗವಸು ಹಾಕಿಕೊಂಡು ನೋಡಿದ್ದ, ಹೆಂಡತಿ ಬಾಗಿಲಲ್ಲಿ ನಿಂತು "ಏನ್ರೀ, ಆಪರೇಷನ್ನಾ?" ಅಂದಿದ್ದಳು. ಬೆನ್ನ ಹಿಂದೆ ಕೂತು, ಮುಖ ಕಾಣದ ಹಾಗೆ ಕೈ ಮಾತ್ರ ಮುಂದೆ ಚಾಚಿಯೂ ನೋಡಿದ್ದ. ತಾನೇ ತಿಂದೀತೇನೋ ಎಂದು ಈಗ ಮೆತ್ತಗೆ ಬೆಂದ ಕುಂಬಳದ ಉದ್ದನೆಯ ತುಂಡನ್ನು ಹಲಗೆಯ ಮೇಲಿಟ್ಟ. ಮಗು ಅದನ್ನು ಹಿಚುಕಿತು, ಮೊಣಕೈವರೆಗೆ ಬಳಿದುಕೊಂಡಿತು, ಕಿವಿಗೆ ಒಂದಿಷ್ಟು ತಿನ್ನಿಸಿತು, ಉಳಿದದ್ದನ್ನು ನೆಲಕ್ಕೆ ಬಿಟ್ಟು ಅದು ಬಿದ್ದ ರೀತಿಯನ್ನು ಗಮನವಿಟ್ಟು ನೋಡಿತು. ಬಾಯಿಗೆ ಮಾತ್ರ ಇಲ್ಲ. ಬಾಯಿಯ ವಿಷಯದಲ್ಲಿ ಅದಕ್ಕೆ ಅಪ್ಪನ ಮೇಲೆ ನಂಬಿಕೆಯಿರಲಿಲ್ಲ, ಅದಕ್ಕೆ ಕಾರಣವೂ ಇತ್ತು.

ವೈದ್ಯನ ಅಪ್ಪನ ಕಾಲದಲ್ಲಿ ಹೀಗಿರಲಿಲ್ಲ. ಅಪ್ಪನೂ ವೈದ್ಯ. ಕಲ್ಲಿನ ಮೇಲೆ ಬೇರು ತೇಯುವ ಗರಗರ ಸದ್ದು ಕೇಳಿದರೆ ಓಣಿಯ ಮಕ್ಕಳೆಲ್ಲ ಓಡಿ ಬಂದು ಸಾಲಾಗಿ ನಿಂತು ಬಾಯಿ ತೆರೆಯುತ್ತಿದ್ದವು, ಗೂಡಿನ ಮರಿಗಳ ಹಾಗೆ. ಅಪ್ಪ ಎಲ್ಲವನ್ನೂ ಜೇನಿನಲ್ಲಿ ಕಲಸುತ್ತಿದ್ದರು. ಎಳೆ ಕೂಸಿಗೂ ಜೇನು, ಹಲ್ಲು ಬಂದವಕ್ಕೂ ಜೇನು. ಸಿಹಿತಾತ ಅಂತಲೇ ಕರೆಯುತ್ತಿದ್ದರು. ಸತ್ತಾಗ ಅವರ ಬೆರಳನ್ನು ಮುಟ್ಟಿ ನೋಡಿ ಅತ್ತವರಿದ್ದರು. ತನ್ನ ಮಗು ಹುಟ್ಟಿದಾಗ ಮಕ್ಕಳ ಡಾಕ್ಟರು ಕನ್ನಡಕದ ಮೇಲಿಂದ ನೋಡಿ, "ನೀವು ವೈದ್ಯರು ಅಂತ ಕೇಳಿದೆ. ಅದಕ್ಕೇ ನೇರವಾಗಿ ಹೇಳ್ತೀನಿ, ಬೇಜಾರಾಗ್ಬೇಡಿ. ವರ್ಷ ತುಂಬೋವರೆಗೆ ಜೇನು ಬೇಡ, ಒಂದು ಹನಿನೂ ಬೇಡ. ಅದರಲ್ಲಿ ಕಣ್ಣಿಗೆ ಕಾಣದ ಕ್ರಿಮಿಯ ಬೀಜ ಇರಬಹುದು, ನಮ್ಮ ಹೊಟ್ಟೆ ಅದನ್ನ ತಡ್ಕೊಳ್ಳತ್ತೆ, ಕೂಸಿನ ಕರುಳಲ್ಲಿ ಅದು ಬೆಳೆದು ವಿಷ ಆಗತ್ತೆ, ಚೀಪೋ ಶಕ್ತಿನೂ ಉಳಿಯಲ್ಲ. ಆರು ತಿಂಗಳವರೆಗೆ ತಾಯಿ ಹಾಲು, ಅಷ್ಟೇ. ನಿಮ್ಮ ಬೇರೂ ಬೇಡ," ಎಂದಿದ್ದರು. ಅವನು ಮನೆಗೆ ಬಂದು ಓದಿದ, ಕೇಳಿದ, ನಿದ್ದೆಗೆಟ್ಟ, ಕೊನೆಗೆ ಡಾಕ್ಟರ ಮಾತನ್ನು ಒಪ್ಪಿದ. ಪೂರ್ತಿ ಒಪ್ಪಲಿಲ್ಲ, ಅರ್ಧ ಒಪ್ಪಿದ. ಜೇನು ಬಿಟ್ಟ, ಬೇರು ಬಿಡಲಿಲ್ಲ.

ಅಷ್ಟೇ ಅವನ ತಪ್ಪು. ಮಗುವಿಗೆ ಯಾವ ಕಾಯಿಲೆಯೂ ಇರಲಿಲ್ಲ. ಕೊಬ್ಬರಿ ಚೂರಿನಂಥ ಮೈ, ಹೊಟ್ಟೆ ತಣ್ಣಗಿತ್ತು, ನಿದ್ದೆ ಮಾಡುತ್ತಿತ್ತು. ಆದರೆ ದವಾಖಾನೆಗೆ ಬಂದವರು "ನಿಮ್ಮ ಮಗುಗೂ ತೇಯ್ದು ಕೊಡ್ತೀರಾ?" ಅಂತ ಕೇಳುತ್ತಿದ್ದರು. ಇಲ್ಲ ಅಂತ ಹೇಳುವುದು ಹೇಗೆ? ಅಡುಗೆಯವನೇ ತನ್ನ ಹೋಟೆಲಿನಲ್ಲಿ ಉಣ್ಣುವುದಿಲ್ಲ ಅಂದ ಹಾಗಾಗುತ್ತಿತ್ತು. ಮೂರನೆಯ ತಿಂಗಳಿಂದ ಬೆಳಗ್ಗೆ ಬೆಳಗ್ಗೆ, ಹೆಂಡತಿ ಸ್ನಾನಕ್ಕೆ ಹೋದಾಗ, ಬರೀ ಬೇರು, ಬರೀ ಕಹಿ, ಬೆರಳ ತುದಿಯಲ್ಲಿ. ಮೊದಮೊದಲು ಮಗು ನಂಬಿ ಬಾಯಿ ತೆರೆಯುತ್ತಿತ್ತು. ಬೆರಳು ಕಂಡ ಕೂಡಲೇ ಎಷ್ಟು ಆಸೆಯಿಂದ ಬಾಯಿ ತೆರೆಯುತ್ತಿತ್ತು! ಕಹಿ ಮುಟ್ಟಿದ ಮೇಲೂ ತಕ್ಷಣ ಅಳುತ್ತಿರಲಿಲ್ಲ, ಇದೇನಿದು, ಇದು ನಿನ್ನದೇ ಕೈಯಾ, ಎಂಬಂತೆ ಅವನ ಮುಖ ನೋಡುತ್ತಿತ್ತು. ಒಂದು ದಿನ ಹೆಂಡತಿ ಕೂದಲಿಗೆ ಬಟ್ಟೆ ಸುತ್ತಿಕೊಂಡು ಬಾಗಿಲಲ್ಲಿ ನಿಂತು ನೋಡಿಬಿಟ್ಟಳು. ಮಗುವನ್ನು ಎತ್ತಿಕೊಂಡು, ಅದರ ನಾಲಿಗೆಯನ್ನು ತನ್ನ ಸೆರಗಿನ ತುದಿಯಿಂದ ಒರೆಸಿದಳು. ಬೇರು ಅವತ್ತೇ ನಿಂತಿತು. ಬಾಯಿ ಮಾತ್ರ ಆಮೇಲೆ ಅವನಿಗಾಗಿ ತೆರೆಯಲೇ ಇಲ್ಲ.

ಹೊರಗಿನಿಂದ ಯಾರೋ ಕೂಗಿದರು. ಮಗುವನ್ನು ಸೊಂಟದ ಮೇಲೆ ಹೊತ್ತುಕೊಂಡು ಮುಂದಿನ ಕೋಣೆಗೆ ಹೋದ. ಹೊಲಿಗೆಯವಳು, ತನ್ನ ಕೂಸಿನ ಜೊತೆ. ಕೂಸಿಗೆ ಐದು ತಿಂಗಳಿರಬಹುದು.

"ನೋಡಿ, ರಾತ್ರಿ ಎಲ್ಲಾ ಕುಯ್ಯೋ ಕುಯ್ಯೋ ಅಂತಾನೆ. ನಮ್ಮತ್ತೆ ನಾಲಿಗೆಗೆ ಒಂಚೂರು ಜೇನು ಸವರು, ಮಲಗ್ತಾನೆ ಅಂತಾರೆ. ಸವರ್ಲಾ?"

"ಬೇಡ," ಅಂದ ಅವನು. ದನಿ ತಾನೇ ತಾನಾಗಿ ಗಟ್ಟಿಯಾಯಿತು. "ಜೇನು ಮುಟ್ಟಿಸ್ಲೇಬೇಡಿ. ವರ್ಷ ಆಗ್ಲಿ. ನಿಮ್ಮ ಹಾಲು ಸಾಕು. ಕುಡಿಸಿದ ಮೇಲೆ ಭುಜದ ಮೇಲೆ ಹಾಕ್ಕೊಂಡು ಬೆನ್ನು ತಟ್ಟಿ. ತೇಗು ಬರ್ಲಿ. ಜ್ವರ ಬಂದ್ರೆ, ಹಾಲು ಕುಡೀದಿದ್ರೆ ನನ್ನ ಹತ್ರ ಬರ್ಬೇಡಿ, ಸೀದಾ ಆಸ್ಪತ್ರೆಗೆ ಹೋಗಿ."

"ಔಷಧಿ ಏನೂ ಇಲ್ವಾ?"

"ಏನೂ ಇಲ್ಲ."

"ಅಯ್ಯೋ, ಹಾಗಾದ್ರೆ ನಿಮ್ಮ ಕೈಯಿಂದ ಒಂದ್ಸಲ ಹೊಟ್ಟೆ ಆದ್ರೂ ಸವರಿ. ನಿಮ್ಮ ಕೈಗುಣ ಸುಮ್ನೆ ಅಲ್ಲ." ಅವಳು ಕೂಸನ್ನು ಮುಂದಕ್ಕೆ ಹಿಡಿದಳು. ಅವನು ಹೊಟ್ಟೆ ಸವರಿದ. ಕೂಸು ಅವನ ತೋರುಬೆರಳನ್ನು ಹಿಡಿದು ಎಳೆದು ಬಾಯಿಗೆ ಹಾಕಿಕೊಳ್ಳಲು ಹೋಯಿತು, ಅವನು ಬೆಂಕಿ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಹೊಲಿಗೆಯವಳು ನಕ್ಕಳು. "ದೊರೆ ಹೇಗೆ ಉಣ್ತಾನೆ? ವೈದ್ಯರ ಮಗ, ಕೇಳ್ಬೇಕಾ!"

"ಬಟ್ಟಲು ನೆಕ್ಕಿ ಇಡ್ತಾನೆ," ಅಂದ.

ಸುಳ್ಳು ಬಾಯಿಂದ ಹೊರಬಿದ್ದ ಮೇಲೂ ಸೊಂಟದ ಮೇಲಿದ್ದ ಮಗು ಅವನ ಅಂಗಿಯ ಗುಂಡಿ ತಿರುಗಿಸುತ್ತಲೇ ಇತ್ತು. ಕೇಳಿಸಿಕೊಂಡಿರಬಹುದೇ? ಛೆ. ಆದರೂ ಅವಳು ಹೋದ ಮೇಲೆ ಮಗುವಿನ ಮುಖ ನೋಡಲು ನಾಚಿಕೆಯಾಗಿ ಕಿಟಕಿಯ ಹೊರಗೆ ನೋಡಿದ. ರಸ್ತೆಯಲ್ಲಿ ಒಬ್ಬ ಮುದುಕ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ, ಹತ್ತುವ ಮನಸ್ಸಿಲ್ಲದವನ ಹಾಗೆ. ಇಡೀ ಬೀದಿಯಲ್ಲಿ ತನ್ನನ್ನು ಕಂಡರೆ ಕೈಮುಗಿಯುವವರೇ ಎಲ್ಲ, ಹತ್ತಿರ ಕೂತು ಒಂದು ಮಾತಾಡುವವರು ಯಾರಿದ್ದಾರೆ? ಅಪ್ಪ ಮಕ್ಕಳ ಸಾಲಿನ ಮುಂದೆ ಕೂತಿರುತ್ತಿದ್ದರು. ತನ್ನ ಮುಂದೆ ಖಾಲಿ ಬೆಂಚು.

ಮಧ್ಯಾಹ್ನದ ಹೊತ್ತಿಗೆ ನಲ್ಲಿಯವನು ಬಂದ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತದೆಂದು ಹೆಂಡತಿ ಹೇಳಿ ಕಳಿಸಿದ್ದಳಂತೆ. ಅವನು ಸಿಂಕಿನ ಕೆಳಗೆ ತಲೆ ತೂರಿಸಿ ಸ್ಪ್ಯಾನರ್ ತಿರುವುತ್ತಾ ಯಾವುದೋ ಹಾಡನ್ನು ಮೂಗಿನಲ್ಲೇ ಹಾಡುತ್ತಿದ್ದ. ಹಸಿವಾಗಿ ಮಗು ಈಗ ಸಣ್ಣಗೆ ರಾಗ ತೆಗೆದಿತ್ತು. ವೈದ್ಯ ಗಂಜಿಯನ್ನು ಮತ್ತೆ ಬಿಸಿ ಮಾಡಿ ಕುರ್ಚಿಯ ಮುಂದೆ ಮೊಣಕಾಲೂರಿ ಕೂತ. ಆನೆ ಬಂತು ಅಂದ, ಗಾಡಿ ಬಂತು ಅಂದ, ಹೆಂಡತಿಯ ದನಿಯನ್ನೇ ಅನುಕರಿಸಿ "ಪ್ರಯಾಣಿಕರು ಬಾಯಿ ತೆರೆಯಬೇಕಾಗಿ ವಿನಂತಿ" ಅಂದ. ಮಗು ಅಳುವನ್ನು ನಿಲ್ಲಿಸಿತು, ನಿಲ್ಲಿಸಿದ್ದು ಬಾಯಿ ಮುಚ್ಚುವುದಕ್ಕಾಗಿ.

"ಏನ್ ಡಾಕ್ಟ್ರೇ, ವಾಷರ್ ಟೈಟಾಗಿದ್ಯಾ?" ನಲ್ಲಿಯವನು ಸಿಂಕಿನ ಕೆಳಗಿನಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದ. ಅಷ್ಟೂ ಹೊತ್ತು ನೋಡುತ್ತಿದ್ದನೋ ಏನೋ. "ನಮ್ಮನೇಲಿ ಮೂರು ಇದಾವೆ. ಕೊಡಿ ಇಲ್ಲಿ." ಅವನು ಎದ್ದು, ತಾನೇ ಸರಿಮಾಡಿದ ನಲ್ಲಿಯಲ್ಲಿ ಕೈ ತೊಳೆದು, ಪ್ಯಾಂಟಿಗೆ ಒರೆಸಲು ಹೋಗಿ, ವೈದ್ಯನ ಮುಖ ನೋಡಿ, ಮತ್ತೆ ತೊಳೆದು, ಗಾಳಿಯಲ್ಲೇ ಒಣಗಿಸಿಕೊಂಡ. ಚಮಚ ತೆಗೆದುಕೊಂಡ. "ಎಲ್ಲಿ ಮಾರಾಯಾ, ಟ್ಯಾಂಕ್ ಮುಚ್ಚಳ ತೆಗಿ."

ಮಗು ಬಾಯಿ ತೆರೆಯಿತು. ಇಷ್ಟಗಲ ತೆರೆಯಿತು. ಒಳಗಿನ ಎರಡು ಅಕ್ಕಿಕಾಳಿನಂಥ ಹಲ್ಲು ಕಾಣಿಸಿದವು. ಗಂಜಿ ನುಂಗಿ, ಇನ್ನೂ ಬೇಕೆಂದು ಹಲಗೆ ಬಡಿಯಿತು.

"ನೋಡಿದ್ರಾ? ಏನೂ ಪ್ರಾಬ್ಲಂ ಇಲ್ಲ, ಲೈನ್ ಕ್ಲಿಯರ್ ಇದೆ." ನಲ್ಲಿಯವನಿಗೆ ಖುಷಿಯೋ ಖುಷಿ. ಇನ್ನೊಂದು ಚಮಚ. "ನೀವು ಬೇರೆ ಕೆಲಸ ಇದ್ರೆ ನೋಡ್ಕೊಳ್ಳಿ ಡಾಕ್ಟ್ರೇ. ಇದಿಷ್ಟೂ ಖಾಲಿ ಮಾಡಿಸೇ ಹೋಗ್ತೀನಿ. ಚಾರ್ಜ್ ಇಲ್ಲ."

ಬಟ್ಟಲು ಖಾಲಿಯಾಗುತ್ತದೆ. ಹೆಂಡತಿ ಬಂದು ನೋಡುತ್ತಾಳೆ. ಯಾರು ತಿನ್ನಿಸಿದರು ಅಂತ ಬಟ್ಟಲು ಹೇಳುವುದಿಲ್ಲ. ವೈದ್ಯನ ತಲೆಯಲ್ಲಿ ಇದೆಲ್ಲ ಒಂದು ಕ್ಷಣದಲ್ಲಿ ಹಾದುಹೋಯಿತು. ಇಷ್ಟಾಗಿ, ಮಗುವಿನ ಹೊಟ್ಟೆ ತುಂಬುತ್ತದಲ್ಲ, ಅದಕ್ಕಿಂತ ದೊಡ್ಡದು ಏನಿದೆ? ಆದರೆ ಅವನ ಕೈ ತಾನಾಗಿಯೇ ಮುಂದೆ ಹೋಗಿ ಚಮಚವನ್ನು ಕಿತ್ತುಕೊಂಡಿತ್ತು. "ಸಾಕು. ನಲ್ಲಿ ಇನ್ನೂ ತೊಟ್ಟಿಕ್ತಿದೆ, ಅದು ನೋಡಿ."

ನಲ್ಲಿ ತೊಟ್ಟಿಕ್ಕುತ್ತಿರಲಿಲ್ಲ. ನಲ್ಲಿಯವನು ನಲ್ಲಿಯನ್ನು ನೋಡಿದ, ಅವನನ್ನು ನೋಡಿದ, ಚೀಲಕ್ಕೆ ಸ್ಪ್ಯಾನರ್ ಹಾಕಿಕೊಂಡ. ಬಾಗಿಲ ಹತ್ತಿರ ನಿಂತು, "ಹೋಗ್ಲಿ ಬಿಡಿ ಡಾಕ್ಟ್ರೇ, ಒಂದೊಂದ್ಸಲ ಹಾಗೇ," ಅಂದ. ಆ ಕನಿಕರ! ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಹೋದ ಮೇಲೆ ಮಗು ಬಾಗಿಲ ಕಡೆಗೆ ಕೈ ಚಾಚಿ ಜೋರಾಗಿ ಅಳತೊಡಗಿತು. ವೈದ್ಯ ಅದನ್ನು ಎತ್ತಿಕೊಂಡು ಕೋಣೆಯಿಂದ ಕೋಣೆಗೆ ತಿರುಗಿದ. ಎತ್ತಿಕೊಂಡರೆ ಮಗುವಿಗೆ ಯಾವ ತಕರಾರೂ ಇಲ್ಲ, ಅದೇ ವಿಚಿತ್ರ. ಭುಜಕ್ಕೆ ಕೆನ್ನೆ ಒತ್ತುತ್ತದೆ, ಕೊರಳು ತಬ್ಬುತ್ತದೆ, ಎದೆಯ ಮೇಲೆ ನಿದ್ದೆ ಹೋಗುತ್ತದೆ. ಕೈ ಮಾತ್ರ ಬಾಯಿಯ ಹತ್ತಿರ ಬರಬಾರದು. ಒಬ್ಬ ಮನುಷ್ಯನಲ್ಲಿ ಒಂದು ಬೆರಳನ್ನು ಮಾತ್ರ ಕ್ಷಮಿಸದೆ ಉಳಿದದ್ದನ್ನೆಲ್ಲ ಒಪ್ಪಿಕೊಳ್ಳುವುದು ಹೇಗೆ ಸಾಧ್ಯ? ಮಗುವಿಗೆ ಸಾಧ್ಯ. ನಲ್ಲಿಯವನನ್ನು ಹಾಗೆ ಕಳಿಸಿದ್ದು ಯಾರ ಹಸಿವಿಗಾಗಿ ಅಂತ ತನ್ನನ್ನೇ ಕೇಳಿಕೊಂಡ. ಉತ್ತರ ಗೊತ್ತಿದ್ದೇ ಕೇಳಿಕೊಂಡ. ಗಡಿಯಾರದ ಕಡೆ ನೋಡಬಾರದು ಅಂದುಕೊಂಡು ನೋಡಿದ. ಅತ್ತಿಗೆ, ಹೆಂಡತಿಯ ಅಕ್ಕ, ಈಗ ಗಾಡಿ ಹತ್ತಿರುತ್ತಾಳೆ. ನಿಲ್ದಾಣದಲ್ಲಿ ಹೆಂಡತಿ ಆ ಗಾಡಿ ಯಾವ ಪ್ಲಾಟ್‌ಫಾರಂಗೆ ಬರುತ್ತದೆಂದು ತಾನೇ ಮೈಕಿನಲ್ಲಿ ಹೇಳುತ್ತಾಳೆ, ಬಿಡಿಬಿಡಿಯಾಗಿ, ಎಲ್ಲರಿಗೂ ಕೇಳುವ ಹಾಗೆ. ಆಗ ಅವಳ ದನಿ ನಡುಗುತ್ತದೆಯೇ?

ಔಷಧಿಯ ಬೀರುವಿನ ಮುಂದೆ ತಾನು ಯಾವಾಗ ಬಂದು ನಿಂತೆ ಎಂಬುದು ಅವನಿಗೆ ತಿಳಿಯಲಿಲ್ಲ. ಎಡಗೈಯಲ್ಲಿ ಮಗು. ಬಲಗೈಯಲ್ಲಿ ಗಾಜಿನ ಭರಣಿ. ದೊಡ್ಡವರ ಲೇಹ್ಯಕ್ಕೆಂದು ಇಟ್ಟದ್ದು. ಮುಚ್ಚಳ ತೆಗೆಯುತ್ತಲೇ ವಾಸನೆ ಕೋಣೆಯ ತುಂಬ ಹರಡಿತು. ಮಗುವಿನ ಅಳು ನಡುವೆಯೇ ನಿಂತಿತು. ಅಪ್ಪನ ಅಂಗಿಯಲ್ಲಿ ಈ ವಾಸನೆಯಿತ್ತು. ಸಾವಿರ ಮಕ್ಕಳಿಗೆ ಕೊಟ್ಟಿರಲಿಲ್ಲವೇ ಅಪ್ಪ? ಯಾರಿಗೆ ಏನಾಯಿತು? ಏನೂ ಆಗಲಿಲ್ಲ. ಏನೂ ಆಗಲಿಲ್ಲ ಅಂತ ಅಪ್ಪ ಹೇಳುತ್ತಿದ್ದರು. ಏನಾದರೂ ಆದವರು ವಾಪಸು ಬಂದು ಸಾಲಿನಲ್ಲಿ ನಿಲ್ಲುವುದಿಲ್ಲವಲ್ಲ. ಒಂದು ತೊಟ್ಟು. ಸಾಸಿವೆಯಷ್ಟು. ಒಂದು ಸಲ ಬಾಯಿ ತೆರೆದರೆ ಸಾಕು, ಆಮೇಲೆ ಗಂಜಿ ತಾನೇ ಒಳಗೆ ಹೋಗುತ್ತದೆ. ಈ ಬೆರಳು ಸಿಹಿ ಎಂದು ಗೊತ್ತಾದರೆ ಸಾಕು. ಬೆರಳನ್ನು ಅದ್ದಿದ. ಜೇನು ಎಳೆಯಾಗಿ ಇಳಿದು, ತುದಿಯಲ್ಲಿ ಹನಿಯಾಗಿ ನಿಂತಿತು. ಬೆರಳನ್ನು ಮಗುವಿನ ಮುಖದ ಹತ್ತಿರ ತಂದ.

ಮಗು ಬೆರಳನ್ನು ನೋಡಿತು. ಅವನನ್ನು ನೋಡಿತು. ಆಮೇಲೆ, ತಿಂಗಳುಗಳ ಹಿಂದೆ ತೆರೆಯುತ್ತಿದ್ದ ಹಾಗೆಯೇ, ಅದೇ ಆಸೆಯಿಂದ, ಬಾಯಿ ತೆರೆಯಿತು.

ಎಷ್ಟು ಚಿಕ್ಕ ಬಾಯಿ. ಒಸಡು ಒದ್ದೆಯಾಗಿ ಹೊಳೆಯುತ್ತಿತ್ತು, ಉಸಿರು ಬೆಚ್ಚಗೆ ಬೆರಳಿಗೆ ತಾಕಿತು. ಇವತ್ತು ಬೆಳಗಿನಿಂದ ಅವನು ಬೇಡಿಕೊಂಡದ್ದೆಲ್ಲ ಇದೇ. ಇನ್ನು ಕೂದಲೆಳೆಯಷ್ಟು ದೂರ. ಮಗು ನಂಬಿತ್ತು, ಮತ್ತೆ ನಂಬಿತ್ತು, ಮತ್ತೆ ಅವನ ಬೆರಳ ತುದಿಯಲ್ಲಿ ಮಗುವಿಗೆ ಕೊಡಬಾರದ್ದೇ ಇತ್ತು. ಅವತ್ತು ಊರವರಿಗಾಗಿ. ಇವತ್ತು ತನಗಾಗಿ. ಹೊಲಿಗೆಯವಳಿಗೆ ಬೆಳಗ್ಗೆ ಹೇಳಿದ ಮಾತನ್ನು ನೆನೆಯಬೇಕಾಗಿಯೂ ಬರಲಿಲ್ಲ. ಆ ಬಾಯಿಯನ್ನು ನೋಡಿದ್ದೇ ಸಾಕಾಯಿತು. ಬೆರಳನ್ನು ಹಿಂದಕ್ಕೆಳೆದುಕೊಂಡ. ಮಗುವಿನ ತುಟಿ ಇನ್ನೂ ಸ್ವಲ್ಪ ಹೊತ್ತು ತೆರೆದೇ ಇತ್ತು, ಮುಂದಕ್ಕೆ ಬಂದಿತು, ಏನೂ ಸಿಗದೆ ಗಾಳಿಯನ್ನು ಚೀಪಿತು. ಅವನು ಮುಖ ತಿರುಗಿಸಿ ಸಿಂಕಿನ ಬಳಿ ಓಡಿದ, ಬೆರಳನ್ನು ತೊಳೆದ, ಉಜ್ಜಿ ಉಜ್ಜಿ ತೊಳೆದ. ಕಿವಿಯ ಪಕ್ಕದಲ್ಲೇ ಶುರುವಾದ ಅಳು ಹಸಿವಿನದಲ್ಲ. ಮಕ್ಕಳ ಅಳುವಿನ ಬಗೆಗಳನ್ನು ತಾಯಂದಿರಿಗೆ ಹೇಳಿಕೊಡುವವನಿಗೆ ಅಷ್ಟು ಗೊತ್ತಾಗದೆ ಇರುತ್ತದೆಯೇ? ಅತ್ತೂ ಅತ್ತೂ ಮಗು ಅವನ ಹೆಗಲ ಮೇಲೇ ನಿದ್ದೆ ಹೋಯಿತು.

ಹೆಂಡತಿ ಬಂದಾಗ ಬಟ್ಟಲು ಮೇಜಿನ ಮೇಲಿತ್ತು, ಮೇಲೆ ಕೆನೆಗಟ್ಟಿತ್ತು. ಅವಳು ಬಟ್ಟಲನ್ನು ನೋಡಿದಳು. ಅವನೇ ಹೇಳಿದ. "ಎರಡು ಚಮಚ. ಅದೂ ನಲ್ಲಿಯವನ ಕೈಲಿ."

ಅವಳು ಎದ್ದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಳು. ಆಗ ಅವಳ ಕಣ್ಣು ಬೀರುವಿನ ಕಡೆ ಹೋಯಿತು. ಭರಣಿಯ ಮುಚ್ಚಳ ಪಕ್ಕದಲ್ಲೇ ಬಿದ್ದಿತ್ತು.

"ಕೊಟ್ರಾ?"

"ಇಲ್ಲ."

"ನನ್ನಾಣೆ?"

"ಇಲ್ಲ ಅಂದ್ನಲ್ಲ."

ಅವಳು ಮಗುವಿನ ಗಲ್ಲ ಹಿಡಿದು, ಬಾಯಿಯ ಹತ್ತಿರ ಮೂಗು ತಂದು ಮೂಸಿ ನೋಡಿದಳು. ಒಂದು ಸಲ ನೋಡಿ, ಇನ್ನೊಂದು ಸಲ ನೋಡಿದಳು. ಅವನು ಗೋಡೆಗೊರಗಿ ನಿಂತು, ತನ್ನ ಚೀಲವನ್ನು ಸುಂಕದವರು ತಡಕಾಡುವುದನ್ನು ನೋಡುವವನಂತೆ, ಅದನ್ನು ನೋಡಿದ. ಮುಗಿದ ಮೇಲೆ ಅವಳ ಮುಖ ಕೆಳಗಾಯಿತು. "ಕ್ಷಮಿಸಿ," ಅಂದಳು. ಆಮೇಲೆ ತುಂಬಾ ಸಣ್ಣ ದನಿಯಲ್ಲಿ, ಯಾವ ಮೈಕಿಗೂ ಕೇಳದ ದನಿಯಲ್ಲಿ, "ತೆರೆದಿದ್ನಾ, ಬಾಯಿ?"

ಅವನು ಭರಣಿಯ ಮುಚ್ಚಳ ಎತ್ತಿ ಬಿಗಿಯಾಗಿ ಮುಚ್ಚಿದ. ಗಂಜಿ ಹೊಸದಾಗಿ ಬಿಸಿಯಾಯಿತು, ಮಗು ಅವಳ ಕೈಯಿಂದ ಗಬಗಬನೆ ತಿಂದಿತು, ಬಟ್ಟಲು ಖಾಲಿಯಾಯಿತು.

ಅತ್ತಿಗೆ ಬಂದವಳು ಕೂರಲೂ ಇಲ್ಲ. ದೊಡ್ಡ ಮಾತಿನ ಹೆಂಗಸು, ಎಲ್ಲರನ್ನೂ ರೇಗಿಸುವವಳು, ಇವತ್ತು ಮಾತು ಕಡಿಮೆ ಮಾಡಿದ್ದಳು. "ವೈದ್ಯರೇ, ಏನು ಕೊಡ್ಲಿ ಏನು ಬೇಡ, ಈಗಲೇ ಹೇಳ್ಬಿಡಿ. ಆಮೇಲೆ ಫೋನ್ ಮಾಡಿ ಪಾಠ ಮಾಡಿದ್ರೆ ಇಟ್ಬಿಡ್ತೀನಿ ನೋಡಿ," ಅಂದಳು.

"ನಿಮಗೆ ಗೊತ್ತಿರೋದೇ. ಮೆತ್ತಗೆ ಬೇಯಿಸಿ. ಕೂರಿಸಿಯೇ ತಿನ್ನಿಸಿ, ಮಲಗಿಸಿ ಬೇಡ."

"ಅಷ್ಟೇನಾ? ಪುಡಿ ಗಿಡಿ, ಬೇರು ಗೀರು?"

"ಏನೂ ಇಲ್ಲ ಅತ್ತಿಗೆ."

ಹೆಂಡತಿ ಬಟ್ಟೆ ತುಂಬಿದ ಚೀಲ ಕೊಟ್ಟು, ಇನ್ನೇನೋ ಮರೆತೆ ಅಂತ ಒಳಗೆ ಹೋದವಳು ಹೊರಗೆ ಬರಲಿಲ್ಲ. ಒಳಗಿನಿಂದ ಬೀರುವಿನ ಬಾಗಿಲು ತೆರೆಯುವ, ಮುಚ್ಚುವ, ಮತ್ತೆ ತೆರೆಯುವ ಸದ್ದು ಮಾತ್ರ ಬರುತ್ತಿತ್ತು. ಅತ್ತಿಗೆಯ ಎರಡೂ ಕೈಗಳಲ್ಲಿ ಚೀಲಗಳಿದ್ದವು. "ಕೆಳಗಿನವರೆಗೆ ನೀವೇ ಎತ್ಕೊಳ್ಳಿ," ಅಂದಳು. ಅವನು ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿದ. ಹೊಟ್ಟೆ ತುಂಬಿದ ಮಗು ಖುಷಿಯಾಗಿತ್ತು, ಪ್ರತಿ ಮೆಟ್ಟಿಲಿಗೂ ಅದರ ಮೈ ಜಿಗಿದು ಅವನ ಎದೆಗೆ ಬಡಿಯುತ್ತಿತ್ತು. ಆಟೋ ಬಾಗಿಲಲ್ಲೇ ನಿಂತಿತ್ತು. ಅತ್ತಿಗೆ ಚೀಲಗಳನ್ನು ಒಳಗಿಟ್ಟು ಹತ್ತಿ ಕೂತು, ಎರಡೂ ಕೈಗಳನ್ನು ಚಾಚಿದಳು.

ಅಷ್ಟರಲ್ಲಿ ಮಗು ಅವನ ಮುಖದ ಮೇಲೆ ಕೈಯಾಡಿಸತೊಡಗಿತ್ತು. ಮೂಗು ಹಿಡಿಯಿತು, ಬಿಟ್ಟಿತು. ಗಲ್ಲದ ಕೂದಲನ್ನು ಕೆರೆಯಿತು. ಆಮೇಲೆ ಏನನ್ನೋ ಹುಡುಕುವಂತೆ ಅವನ ತುಟಿಗಳನ್ನು ಬಿಡಿಸಿ, ಒದ್ದೆ ಬೆರಳುಗಳನ್ನು ಒಂದೊಂದಾಗಿ ಬಾಯೊಳಗೆ ತೂರಿಸಿತು. ಉಪ್ಪುಪ್ಪಾಗಿತ್ತು.

"ಕೊಡಿ ವೈದ್ಯರೇ, ಗಾಡಿಗೆ ಹೊತ್ತಾಯ್ತು," ಅಂದಳು ಅತ್ತಿಗೆ. "ಏನ್ರೀ, ಕೇಳಿಸ್ತಾ?"

ಕೇಳಿಸಿತ್ತು. ಆದರೆ ಮಾತಾಡಿದರೆ ಹಲ್ಲು ತಾಗೀತೆಂದು ಅವನು ಬಾಯಿ ತೆರೆದುಕೊಂಡೇ ನಿಂತಿದ್ದ.